ಗುರುಪಾದಪ್ಪನವರ ಎಲೆ

ನಮ್ಮೂರಿನಲ್ಲಿ ಪಂಕ್ತಿ ಕೂತ ಮೇಲೆಯೇ ಅಕ್ಕಿ ಹಾಕುವುದು. ಬೇರೆ ಊರಿನ ಅಡುಗೆಯವರು ಕೇಳಿದರೆ ನಗುತ್ತಾರೆ, ನಗಲಿ ಬಿಡಿ. ಮೊದಲೇ ಹಾಕಿ ಏನು ಮಾಡುವುದು? ಬರಬೇಕಾದವರೊಬ್ಬರು ಬಾರದೆ ಅವರ ಎಲೆ ಖಾಲಿ ಉಳಿದರೂ ಇಲ್ಲಿ ಅನ್ನ ಬೇಯುವುದಿಲ್ಲ. ಸಾರು ಕುದಿಯುತ್ತದೆ, ಪಲ್ಯ ಆಗುತ್ತದೆ, ಪಾಯಸ ಮೈಮರೆತರೆ ತಳವೂ ಹಿಡಿಯುತ್ತದೆ. ಅಕ್ಕಿ ಮಾತ್ರ ಕೊತಕೊತ ಕುದಿಯುವ ನೀರಿನಲ್ಲಿ ಮುನಿಸಿಕೊಂಡ ಅತ್ತೆಯ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಸತ್ತವರಿಂದ ತೊಂದರೆಯಿಲ್ಲ, ಅವರಿಗೊಂದು ಎಡೆ ಇಟ್ಟರೆ ಸುಮ್ಮನಾಗುತ್ತಾರೆ. ಬದುಕಿದ್ದೂ ಬಾರದವರದೇ ಗೋಳು.

ಬರಬೇಕಾದವರು ಯಾರು ಎಂದು ತೀರ್ಮಾನಿಸುವುದು ಕರೆಯೋಲೆ ಬರೆದವರಲ್ಲ, ಅಕ್ಕಿ. ಎಣ್ಣೆ ಗಾಣದ ಮನೆಯವರು ಒಮ್ಮೆ ನಾವು ಯಾರನ್ನೂ ಬಿಟ್ಟಿಲ್ಲ ಎಂದು ಆಣೆ ಹಾಕಿ ಹೇಳಿದರು. ಮಧ್ಯಾಹ್ನ ಕಳೆದರೂ ಅಕ್ಕಿ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಆ ಮನೆಯ ಅಜ್ಜಿ, ಬೇಲಿ ಜಗಳದಲ್ಲಿ ಮಾತು ಬಿಟ್ಟು ಹೋದ ಕಿರಿಮಗನ ಹೆಸರು ಹೇಳಿ ಅತ್ತುಬಿಟ್ಟಳು. ಅವನ ಎಲೆಗೆ ಒಬ್ಬರನ್ನು ಕೂರಿಸಿದ್ದೇ ತಡ, ಅನ್ನ ಮಲ್ಲಿಗೆಯಂತೆ ಅರಳಿತು. ಅನ್ನದ ಗೋಜೇ ಬೇಡವೆಂದು ಚಪಾತಿ ಹಾಕಿಸಿ ಮಗಳ ಮದುವೆ ಮಾಡಿದವರೂ ಒಬ್ಬರಿದ್ದಾರೆ. ಅವರನ್ನು ಊರು ಇವತ್ತಿಗೂ ಚಪಾತಿ ಬೀಗರು ಎಂದೇ ಕರೆಯುತ್ತದೆ.

ಹೀಗೆ ಖಾಲಿ ಎಲೆಗೆ ಕೂರುವವರು ನಮ್ಮೂರಿನ ನಟರು. ರಜೆ ಸಿಗದ ಅಣ್ಣ, ಮುನಿಸಿಕೊಂಡ ಅತ್ತಿಗೆ, ಬಸ್ಸು ತಪ್ಪಿದ ಸೋದರಮಾವ, ಯಾರೇ ಇರಲಿ, ಅವರ ಪಾತ್ರ ಕಟ್ಟಿ ಉಂಡು ಬರುವುದು ಇವರ ಕಸುಬು. ಉಂಡು ಕೈ ತೊಳೆದರೆ ಪಾತ್ರ ಮುಗಿಯಿತು. ಆಮೇಲೆ ಅವರನ್ನು ಮಾವ ಎಂದು ಕರೆದರೆ ತಿರುಗಿಯೂ ನೋಡುವುದಿಲ್ಲ, ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಈ ಕಸುಬಿನಲ್ಲಿ ಎಲ್ಲರಿಗಿಂತ ಹೆಸರು ಮಾಡಿದವರು ನಮ್ಮ ಯಜಮಾನರು, ಗುರುಪಾದಪ್ಪನವರು. ಗಂಡನ ಹೆಸರು ಹೇಳಬಾರದೆಂದು ನಮ್ಮತ್ತೆ ಕಲಿಸಿದ್ದರು. ಆದರೆ ಹೆಸರಿಲ್ಲದೆ ಕಥೆ ಹೇಳುವುದು ಉಪ್ಪಿಲ್ಲದೆ ಉಪ್ಪಿನಕಾಯಿ ಹಾಕಿದಂತೆ. ನಾನು ಹಾಲಮ್ಮ, ಅದೇ ಸಮಾರಂಭಗಳಿಗೆ ಅಡುಗೆ ಮಾಡುವವಳು. ಅವರು ಎಲೆಯ ಮುಂದೆ, ನಾನು ಒಲೆಯ ಮುಂದೆ. ನಮ್ಮ ಸಂಸಾರ ನಡೆದದ್ದೇ ಹೀಗೆ.

ಗುರುಪಾದಪ್ಪನವರ ಹತ್ತಿರ ಒಂದು ಜರಿ ಶಾಲಿತ್ತು. ಪಂಕ್ತಿಗೆ ಬಂದ ಕೂಡಲೇ ಅದನ್ನು ಎಡ ಭುಜದಿಂದ ಬಲ ಭುಜಕ್ಕೆ ಹಾಕಿಕೊಳ್ಳುವರು, ಒಮ್ಮೆ ಕೆಮ್ಮುವರು, ಆಮೇಲೆ ಸಾರಿಗೆ ಬೆರಳಿಟ್ಟು ಗಟ್ಟಿಯಾಗಿ, “ಉಪ್ಪು ಒಂದು ಹರಳು ಕಡಿಮೆ ಆಯ್ತು!” ಎನ್ನುವರು. ಜನ ಖುಷಿಯಾಗಿ, ಮಾವ ಬಂದರು ಎಂದು ನಗುವರು. ಒಳಗೆ ನನ್ನ ಹೊಟ್ಟೆ ಉರಿಯುವುದು. ಉಪ್ಪು ಯಾವತ್ತೂ ಕಡಿಮೆ ಇರುತ್ತಿರಲಿಲ್ಲ. ಕೇಳಿದರೆ, “ಅದು ನಾನಲ್ಲ ಕಣೆ, ಪಾತ್ರ ಹೇಳಿದ್ದು” ಎನ್ನುವರು. ಯಾರ ಮನೆಯ ಯಾವ ಮಾವನಾದರೂ ಅದೇ ಶಾಲು, ಅದೇ ಕೆಮ್ಮು, ಅದೇ ಉಪ್ಪು. ಆದರೂ ಅನ್ನ ಬೇಯುತ್ತಿತ್ತು, ಅದಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅವರು ಮತ್ತೆ ಮತ್ತೆ ಕೂರುತ್ತಿದ್ದ ಎಲೆ ಒಂದಿತ್ತು. ನಮ್ಮ ಹಿಂದಿನ ಬೀದಿಯ ಸರ್ವಮಂಗಳಮ್ಮನ ಗಂಡ ಪರಮೇಶಿ, ಹೆಂಡತಿ ಬಸುರಿಯಿದ್ದಾಗ ಬೋರ್‌ವೆಲ್ ಲಾರಿ ಹತ್ತಿ ಕೆಲಸಕ್ಕೆಂದು ಹೋದವನು ಮತ್ತೆ ಮನೆಯ ದಾರಿ ಹಿಡಿಯಲಿಲ್ಲ. ಮಗಳು ದಾಕ್ಷಾಯಿಣಿ ಹುಟ್ಟಿದಳು. ಅವಳ ನಾಮಕರಣಕ್ಕೆ, ಕಿವಿ ಚುಚ್ಚಿಸಿದ್ದಕ್ಕೆ, ವರ್ಷ ವರ್ಷದ ಹುಟ್ಟುಹಬ್ಬಕ್ಕೆ ಅಪ್ಪನ ಎಲೆಗೆ ಕೂತವರು ಗುರುಪಾದಪ್ಪನವರೇ. ಊಟದ ಹೊತ್ತಿನಲ್ಲಿ ಆ ಮಗು ಇವರನ್ನು ಅಪ್ಪ ಎನ್ನುವಳು, ಕೈ ತೊಳೆದ ಮೇಲೆ ಮಾಮ ಎನ್ನುವಳು. ಬಲು ಮರ್ಯಾದೆಯ ಹುಡುಗಿ. ಊಟ ಮುಗಿಯುವ ಹೊತ್ತಿಗೆ ತಪ್ಪದೆ, “ಅಪ್ಪಾ, ಇನ್ನೊಂದ್ ಸ್ವಲ್ಪ ಮಜ್ಜಿಗೆ ಹಾಕಿಸ್ಕೊಳ್ಳಿ” ಎಂದು ಉಪಚಾರ ಮಾಡುವಳು. ಇವರು ಹೊಟ್ಟೆ ಸವರಿಕೊಂಡು, “ಸಾಕಮ್ಮ ತಾಯಿ” ಎಂದು ಏಳುವರು.

ಇಂಥವರಿಗೆ ಕೆಟ್ಟ ಕಾಲ ಬಂದದ್ದು ಒಂದು ಗೃಹಪ್ರವೇಶದಲ್ಲಿ. ಶಾಲು ಭುಜ ಬದಲಾಯಿಸಿತು, ಕೆಮ್ಮಾಯಿತು, ಉಪ್ಪಿನ ಮಾತೂ ಆಯಿತು. ನಾನು ಅಗುಳು ತೆಗೆದು ಹಿಸುಕಿದರೆ ನಡುವೆ ಬೆಳ್ಳಗೆ ಗಟ್ಟಿ. ಅರ್ಧಂಬರ್ಧ ಬೆಂದ ಅನ್ನವನ್ನೇ ಬಡಿಸಿ ಮಾನ ಉಳಿಸಿಕೊಂಡೆವು. ಮನೆಗೆ ಬಂದವರೇ ಇವರು ಸೌದೆ ಹಸಿ ಎಂದರು, ಅಕ್ಕಿ ಹೊಸದು ಎಂದರು, ಕಡೆಗೆ ನನ್ನ ಕೈಗುಣ ಎಂದರು. “ಕುಣೀಲಾರದವಳು ನೆಲ ಡೊಂಕು ಅಂದಳಂತೆ” ಎಂದೆ ನಾನು. ಒಂದು ವಾರ ಮಾತಿಲ್ಲ.

ಮಾತು ಶುರುವಾಗುವಷ್ಟರಲ್ಲಿ ಇನ್ನೊಂದು ಏಟು. ಒಬ್ಬರ ಅರವತ್ತರ ಶಾಂತಿಯಲ್ಲಿ ಆ ಮನೆಯ ಯಜಮಾನರ ಬಾಲ್ಯದ ಗೆಳೆಯನ ಎಲೆಗೆ ಇವರು ಕೂತಿದ್ದರು. ನೀರು ಕುದಿದು ಕುದಿದು ಆರಿತು, ಅಕ್ಕಿ ಹಾಗೇ ಇತ್ತು. ಮನೆಯವರು ಸಂಕೋಚದಿಂದಲೇ ವಿರೂಪಾಕ್ಷ ಎಂಬ ಎಳೆಯ ನಟನನ್ನು ಕರೆಸಿ ಇವರನ್ನು ಎಬ್ಬಿಸಿದರು. ಮೀಸೆ ಸರಿಯಾಗಿ ಬಾರದ ಆ ಹುಡುಗ ಎಲೆಯ ಮುಂದೆ ಕೂತು, ಮನೆಯ ಯಜಮಾನರ ಕಡೆ ತಿರುಗಿ ಸುಮ್ಮನೆ ನಕ್ಕ. ಒಳಗೆ ಅನ್ನ ಉಕ್ಕಿ ಮುಚ್ಚಳ ಎತ್ತಿತು. ಗುರುಪಾದಪ್ಪನವರು ಶಾಲು ಕಂಕುಳಲ್ಲಿಟ್ಟುಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದರು. ಅವರ ಬೆನ್ನು ನೋಡಿ ನನಗೆ ಸಿಟ್ಟೆಲ್ಲ ಇಳಿದು ಅಯ್ಯೋ ಅನಿಸಿತು.

ಅಷ್ಟರಲ್ಲಿ ದಾಕ್ಷಾಯಿಣಿಗೆ ಮದುವೆ ಗೊತ್ತಾಯಿತು. ನಮ್ಮಲ್ಲಿ ತಾಳಿ ಬಿದ್ದ ಮಾತ್ರಕ್ಕೆ ಮದುವೆಯಲ್ಲ, ಬೀಗರು ಅನ್ನ ಉಂಡು ಕೈ ತೊಳೆಯಬೇಕು. ಸರ್ವಮಂಗಳಮ್ಮ ಒಂದು ಮಧ್ಯಾಹ್ನ ಬಂದು ನಮ್ಮ ಜಗಲಿಯಲ್ಲಿ ಸೆರಗಿನ ತುದಿ ತಿರುಚುತ್ತ ಕೂತಳು.

“ಅಣ್ಣಾ, ತಪ್ಪು ತಿಳ್ಕೋಬೇಡಿ. ಗಂಡಿನ ಕಡೆಯೋರು ದೊಡ್ಡ ಜನ. ಅವತ್ತು ಅನ್ನ ಕೈ ಕೊಟ್ರೆ ಹುಡುಗಿ ಬಾಳು ಏನಾಗ್ಬೇಕು? ಆ ವಿರೂಪಾಕ್ಷನಿಗೆ ಹೇಳೋಣ ಅಂತ...”

“ಹೇಳಮ್ಮ, ಹೇಳು” ಎಂದರು ಇವರು.

“ಆದ್ರೆ ಇವಳು ಕೇಳ್ಬೇಕಲ್ಲ! ನನಗಿಂತ ಚಿಕ್ಕವನು ನನಗೆ ಅಪ್ಪನಾ, ಮಾಮ ಕೂತ್ರೆ ಮದುವೆ, ಇಲ್ದಿದ್ರೆ ಇಲ್ಲ ಅಂತ ಕೂತಿದಾಳೆ.”

ಅವಳು ಹೋದ ಮೇಲೆ ಗುರುಪಾದಪ್ಪನವರು, “ಆ ಹುಡುಗನಿಗೆ ಕಲಿಸಿದ್ದು ಯಾರು ಹಾಲಮ್ಮ?” ಎಂದರು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಟ್ಟಿನ ಗಿರಣಿಯ ಮಹಡಿಯ ಮೇಲೆ ನಟರಿಗೆ ತರಗತಿ ನಡೆಸುವ ವಿಶಾಲು. ಚಿಕ್ಕಂದಿನಲ್ಲಿ ಬಾರದ ಮಕ್ಕಳ ಎಲೆಗೆ ಕೂರುತ್ತಿದ್ದ ಹುಡುಗಿ, ಎಷ್ಟೋ ಊಟಗಳಲ್ಲಿ ಇವರದೇ ಸೋದರಸೊಸೆಯ ಪಾತ್ರ ಮಾಡಿದವಳು. ಆಗ ಬಂದ ಬಳಕೆಯಲ್ಲಿ ಇವರನ್ನು ಈಗಲೂ ಮಾವ ಎನ್ನುತ್ತಾಳೆ. “ನನ್ನ ತೊಡೆ ಮೇಲೆ ಕೂತು ಹಪ್ಪಳ ಮುರೀತಿದ್ದ ಪುಟ್ಟಿ ಕಣೆ. ಅವಳ ಹತ್ರ ಹೋಗಿ ಪಾಠ ಹೇಳಿಸ್ಕೊಳ್ಳೋದಾ?” ಎಂದರು. ಹೇಳುತ್ತಲೇ ಚಪ್ಪಲಿ ಹುಡುಕುತ್ತಿದ್ದರು.

ಮೊದಲ ದಿನ ಏನಾಯಿತೆಂದು ಅವರೇ ಬಂದು ಹೇಳಿದ್ದು. ವಿಶಾಲು ಕಡಲೆಕಾಯಿ ಸುಲಿಯುತ್ತ ಚಾಪೆಯ ಮೇಲೆ ಕೂತಿದ್ದಳಂತೆ. ಸುತ್ತ ಊರಿನ ಅರ್ಧಕ್ಕರ್ಧ ನಟರು, ಎಲ್ಲರೂ ದಿನಾ ಎಲೆಗೆ ಕೂತು ಬರುವವರೇ. ಇವರು ಶಾಲು ಸರಿಪಡಿಸಿಕೊಂಡು, ಕೆಮ್ಮಿ, ಒಳಗೆ ಬಂದರು.

“ಎಲ್ಲಿಂದ ಬಂದ್ರಿ?” ಎಂದಳು.

“ಬಾಗಿಲಿಂದ ಬಂದೆ ಪುಟ್ಟಿ. ಇನ್ನೇನು ಕಿಟಕಿಯಿಂದ ಬರ್ಲಾ?”

“ಇಲ್ಲಿ ಮಾವನೂ ಇಲ್ಲ, ಪುಟ್ಟಿನೂ ಇಲ್ಲ ಗುರುಪಾದಪ್ಪನೋರೇ. ಹೊರಗೆ ಹೋಗಿ, ಇನ್ನೊಂದ್ಸಲ ಬನ್ನಿ.”

ಅವತ್ತು ಪೂರ್ತಿ ಅವರು ಬಂದದ್ದೇ ಬಂದದ್ದು. ಬಂದಾಗಲೆಲ್ಲ ಅದೇ ಪ್ರಶ್ನೆ. ಮಂಡಿ ನೋವು, ಮೇಲೆ ಅವಮಾನ ಬೇರೆ. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ನನ್ನ ಮುಂದೆ ಶಪಥ ಮಾಡಿದರು. ಮಾರನೆಯ ದಿನ ಮತ್ತೆ ಹೋದರು, ಅದರ ಮಾರನೆಯ ದಿನವೂ ಹೋದರು. ಆ ವಾರದ ಕೊನೆಯಲ್ಲಿ ಅವರು ಬಾಗಿಲು ದಾಟಿ, ಶಾಲು ಮರೆತು, “ರೈಲು ತಪ್ಪೋಯ್ತು, ಹಾಲಿನ ವ್ಯಾನಲ್ಲಿ ನಿಂತ್ಕೊಂಡೇ ಬಂದೆ, ಕಾಲು ಹಿಡ್ಕೊಂಡುಬಿಟ್ಟಿದೆ” ಎಂದರಂತೆ. ಚಾಪೆಯ ಮೇಲಿದ್ದವರೆಲ್ಲ ಸರಿದು ಜಾಗ ಕೊಟ್ಟರಂತೆ. ಹೇಳುವಾಗ ಅವರ ಕಣ್ಣು ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು.

ಆಮೇಲೆ ವಿಶಾಲು ನನಗೂ ಹೇಳಿಕಳಿಸಿದಳು. ಗಿರಣಿ ಓಡುತ್ತಿತ್ತು; ಮಹಡಿ ನಡುಗುತ್ತಿತ್ತು, ಎಲ್ಲರ ತಲೆಯ ಮೇಲೂ ತೆಳ್ಳಗೆ ಹಿಟ್ಟು ಕೂತಿತ್ತು. ಆ ಸದ್ದಿನಲ್ಲಿ ಕಿರುಚಿದರೆ ಮಾತ್ರ ಅಷ್ಟಿಷ್ಟು ಕೇಳುವುದು. ಅದಕ್ಕೇ ಅವಳು ಆ ಜಾಗ ಹಿಡಿದದ್ದಂತೆ, ಕೇಳಿಸದಿದ್ದರೆ ನಟರು ನೋಡುವುದನ್ನಾದರೂ ಕಲಿಯುತ್ತಾರೆ ಎಂದು. ನಮ್ಮಿಬ್ಬರನ್ನು ಎದುರುಬದುರು ಕೂರಿಸಿ, ಹೆಂಡತಿಯ ಮುಖದಲ್ಲಿ ಏನು ಕಾಣುತ್ತದೋ ಅಷ್ಟನ್ನು ಮಾತ್ರ ಹೇಳಿ ಎಂದಳು.

“ಮೂಗುತಿ ಬದಲಾಯ್ಸಿದೀಯ” ಎಂದು ಅವರು ಕೂಗಿದರು.

“ಅದು ಬದಲಾಗಿ ನಾಲ್ಕು ವರ್ಷ ಆಯ್ತು!” ಎಂದು ನಾನೂ ಕೂಗಿದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಮುಂದಕ್ಕೆ ಬಾಗಿ ಇನ್ನೂ ನೋಡಿದರು. ಹುಬ್ಬು ಸುಟ್ಟಿದೆ ಎಂದರು, ಸುಸ್ತಾಗಿದೀಯ ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ನಾಲ್ಕು ಜನರ ಎದುರಿಗೆ! ನನಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಸುಳ್ಳೇಕೆ, ಸಂತೋಷವೂ ಆಯಿತು.

ಮದುವೆಯ ಮಾತು ಬಂದದ್ದು ಅವತ್ತೇ, ಗಿರಣಿ ನಿಂತ ಮೇಲೆ. ಇವರು ಪರಮೇಶಿಯ ನಡಿಗೆ ಹೇಗಿತ್ತು, ಬೀಡಿ ಯಾವ ಕೈಯಲ್ಲಿ ಹಿಡಿಯುತ್ತಿದ್ದ ಎಂದೆಲ್ಲ ಸರ್ವಮಂಗಳಮ್ಮನನ್ನು ಕೇಳಿ ತಿಳಿದುಕೊಂಡು ಬಂದಿದ್ದರು. ವಿಶಾಲು ಸ್ವಲ್ಪ ಹೊತ್ತು ಕೇಳಿ, ಬೇಡವೆಂದು ತಲೆಯಾಡಿಸಿದಳು.

“ಬಾರದೇ ಇರೋರ ವಿಷಯ ಸಾಕು. ಅವರು ಬರಲ್ಲ. ಕಾಯ್ತಾ ಇರೋಳು ಹೇಗಿದಾಳೆ, ಅದನ್ನ ಹೇಳಿ. ದಾಕ್ಷಿ ಯಾವತ್ತಾದ್ರೂ ನಿಮ್ಮನ್ನ ಏನಾದ್ರೂ ಕೇಳಿದಾಳಾ?”

“ಇಲ್ಲಪ್ಪ, ಪಾಪ, ಏನೂ ಕೇಳೋಳಲ್ಲ. ಊಟದ ಕೊನೇಲಿ, ಅಪ್ಪಾ ಇನ್ನೊಂದ್ ಸ್ವಲ್ಪ ಮಜ್ಜಿಗೆ ಹಾಕಿಸ್ಕೊಳ್ಳಿ ಅಂತಾಳೆ. ಅಷ್ಟೇ.”

“ನೀವೇನ್ ಮಾಡ್ತೀರಿ?”

“ನಾನು ಸಾಕಮ್ಮ ಅಂತೀನಿ, ಎದ್ದು ಕೈ...”

ವಿಶಾಲುವಿನ ಕೈಯಲ್ಲಿ ಕಡಲೆಕಾಯಿ ಹಾಗೇ ಉಳಿಯಿತು. ಎದ್ದು ಕೈ ತೊಳೆದರೆ ಅಪ್ಪ ಹೋದ. ಅಷ್ಟು ವರ್ಷ ಆ ಮಗು ಇವರನ್ನು ಎಲೆಯ ಮುಂದೆ ಇನ್ನೊಂದು ಗಳಿಗೆ ಕೂರಿಸಿಕೊಳ್ಳಲು ಒದ್ದಾಡಿತ್ತು. ಒಳಗಿನಿಂದ ನಾನೂ ಕೇಳಿದ್ದೇನೆ, ಮಜ್ಜಿಗೆ ಬಡಿಸಿದ್ದೇನೆ, ನನಗೂ ಹೊಳೆದಿರಲಿಲ್ಲ. ಗುರುಪಾದಪ್ಪನವರು ಆ ಜರಿ ಶಾಲಿನಲ್ಲೇ ಮುಖ ಒರೆಸಿಕೊಂಡರು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, “ಬರ್ತೀನಿ ಮೇಡಂ” ಎಂದರು. ಯಾರೂ ನಗಲಿಲ್ಲ.

ಅದಾದ ಮೇಲೆ ಸಣ್ಣಪುಟ್ಟ ಊಟಗಳಲ್ಲಿ ಅವರ ಕೈ ಕುದುರಿತು. ಒಂದು ಸೀಮಂತಕ್ಕೆ ಬಾರದ ಅಣ್ಣನಾಗಿ ಕೂತು, ಬಸುರಿಯ ಊದಿದ ಪಾದ ನೋಡಿ ತಾವು ಕೂತಿದ್ದ ಮಣೆಯನ್ನು ಅವಳ ಕಾಲ ಕೆಳಗೆ ಸರಿಸಿದರು. ಅನ್ನ ಎಷ್ಟು ಬೇಗ ಆಯಿತೆಂದರೆ ನನಗೆ ಹಪ್ಪಳ ಕರಿಯಲು ಪುರುಸೊತ್ತು ಸಿಗಲಿಲ್ಲ. ಶಾಲು ಹೆಗಲ ಮೇಲಿರುತ್ತಿತ್ತು, ಅಭ್ಯಾಸ ನೋಡಿ. ಆದರೆ ಅದರ ಮೇಲೆ ಕೈ ಹೋಗುತ್ತಿರಲಿಲ್ಲ.

ಮದುವೆಯ ದಿನ ಬಂತು. ತಾಳಿ ಬಿತ್ತು. ಎಲೆ ಹಾಕಿದರು. ದಾಕ್ಷಾಯಿಣಿಯ ಬಲಗಡೆ ಅಪ್ಪನ ಎಲೆ, ಎಡಗಡೆ ಮದುಮಗನದು. ಗುರುಪಾದಪ್ಪನವರು ಇನ್ನೇನು ಕೂರಬೇಕು, ಚಪ್ಪರದ ಬಾಗಿಲಲ್ಲಿ ಗಲಿಬಿಲಿಯಾಯಿತು. ತಲೆಯೆಲ್ಲ ನೆರೆತ, ಬಿಸಿಲಿಗೆ ಸುಟ್ಟು ಕರಿಕಲಾದ ಒಬ್ಬ ಮನುಷ್ಯ ಹೊಸ ಅಂಗಿಯ ಮಡಿಕೆ ಕೂಡ ಬಿಡಿಸದೆ ತೊಟ್ಟುಕೊಂಡು ನಿಂತಿದ್ದ. ಸರ್ವಮಂಗಳಮ್ಮ ಕೈಯಲ್ಲಿದ್ದ ಕೋಸಂಬರಿ ಪಾತ್ರೆ ಬೀಳಿಸಿದಳು. ಪರಮೇಶಿ. ಯಾರೋ ನೆಂಟರು ಸುದ್ದಿ ಮುಟ್ಟಿಸಿದ್ದರಂತೆ. ಮಗಳು ಎದ್ದು ಹೋಗಿ ಕಾಲಿಗೆ ನಮಸ್ಕರಿಸಿದಳು.

ಗುರುಪಾದಪ್ಪನವರೇ ಮುಂದೆ ಹೋಗಿ ಅವನ ಕೈ ಹಿಡಿದು, “ಬನ್ನಿ, ನಿಮ್ಮ ಜಾಗ ಇದು” ಎಂದು ಆ ಎಲೆಯ ಮುಂದೆ ಕೂರಿಸಿದರು. ಆಮೇಲೆ ಒಳಗೆ ಬಂದು ನನ್ನ ಒಲೆಯ ಪಕ್ಕದ ಸೌದೆ ರಾಶಿಯ ಮೇಲೆ ಕೂತರು.

“ಒಳ್ಳೇದೇ ಆಯ್ತು ಬಿಡು. ನಿಜವಾದೋನೇ ಬಂದ” ಎಂದರು. ಶಾಲನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಅವರನ್ನೇ ನೋಡುತ್ತಿದ್ದ ನಾನು ಸಾರಿಗೆ ಹಾಕಬೇಕಾದದ್ದನ್ನೆಲ್ಲ ಹಾಕಿದೆನೋ ಇಲ್ಲವೋ ದೇವರಿಗೇ ಗೊತ್ತು. ಪಂಕ್ತಿ ಭರ್ತಿಯಾಗಿತ್ತು, ಒಂದು ಎಲೆಯೂ ಖಾಲಿಯಿರಲಿಲ್ಲ. ಅಕ್ಕಿ ಹಾಕಿದೆ.

ಅಕ್ಕಿ ಅಲುಗಲಿಲ್ಲ.

ಬೆಂಕಿ ಜೋರು ಮಾಡಿದೆ. ಅಗುಳು ಹಿಸುಕಿದೆ, ಕಲ್ಲು. ಹೊರಗೆ ಉಪ್ಪಿನಕಾಯಿ ನೆಕ್ಕಿ ನೆಕ್ಕಿ ಬೀಗರಿಗೆ ಬೇಸರವಾಗಿ ಗುಸುಗುಸು ಶುರುವಾಯಿತು. ಹೆತ್ತ ಅಪ್ಪ ಕೂತರೂ ಬೇಯದ ಅನ್ನ ಇದೆಂಥದು ಎಂದು ಯಾರೋ ಗಟ್ಟಿಯಾಗಿಯೇ ಅಂದರು. ಪರಮೇಶಿ ಬೆವರುತ್ತ, ಎಲೆಯ ಮೇಲಿನ ಉಪ್ಪನ್ನೇ ನೋಡುತ್ತ ತಲೆ ತಗ್ಗಿಸಿದ್ದ. ತಾನು ಅಪ್ಪನಾಗಲು ಯೋಗ್ಯನಲ್ಲ ಎಂದು ಅಕ್ಕಿ ಊರಿಗೆಲ್ಲ ಸಾರುತ್ತಿದೆ ಅಂದುಕೊಂಡಿರಬೇಕು. ಅವನು ಮಾಡಿದ್ದು ಮಾಡಿದ್ದೇ. ಆದರೂ ಆ ಮನುಷ್ಯನಿಗೆ ಒಂದು ಲೋಟ ನೀರು ಕಳಿಸಿದೆ.

“ಪಾಪ, ಅವನಿಗೆ ಯಾರೂ ಹೇಳ್ಕೊಟ್ಟಿಲ್ಲ. ಮಗಳ ಮುಖ ನೋಡಪ್ಪಾ ಅಂತ ಹೇಳಿ ಬರ್ತೀನಿ” ಎಂದು ಗುರುಪಾದಪ್ಪನವರು ಎದ್ದರು. ಅಡುಗೆಮನೆಯ ಬಾಗಿಲವರೆಗೆ ಹೋಗಿ, ಕಲಿತ ಅಭ್ಯಾಸದಂತೆ ಮೊದಲು ಕಾಯುತ್ತಿದ್ದವಳ ಕಡೆ ನೋಡಿದರು. ನೋಡಿದವರು ಅಲ್ಲೇ ನಿಂತುಬಿಟ್ಟರು. ದಾಕ್ಷಾಯಿಣಿ ಪಕ್ಕದ ಅಪ್ಪನನ್ನು ನೋಡುತ್ತಿರಲಿಲ್ಲ, ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು.

“ಅನ್ನಕ್ಕೆ ಕಾಯ್ತಿದಾಳೆ ಕಣೆ” ಎಂದರು ಇವರು ಮೆಲ್ಲಗೆ.

“ಇನ್ನೊಂದ್ಸಲ ನೋಡ್ರೀ” ಎಂದೆ.

ನೋಡಿದರು. ಗಿರಣಿಯ ಮಹಡಿಯ ಮೇಲೆ ನನ್ನನ್ನು ನೋಡಿದ್ದರಲ್ಲ, ಹಾಗೆ. ಆ ಪಾಠ ಆಗದಿದ್ದರೆ ಅವರು ಖಂಡಿತ ಹಿಂದೆ ಬಂದು ಸೌದೆಯ ಮೇಲೆ ಕೂತಿರುತ್ತಿದ್ದರು; ಮದುವೆ ಅಲ್ಲೇ ನಿಲ್ಲುತ್ತಿತ್ತು. ಶಾಲನ್ನು ನನ್ನ ಕೈಗಿಟ್ಟು, ಮೂಲೆಯಲ್ಲಿದ್ದ ಎಲೆಗಳಲ್ಲಿ ಒಂದನ್ನು ತಾವೇ ತೆಗೆದುಕೊಂಡು, ಬರಿ ಅಂಗಿಯಲ್ಲಿ ಪಂಕ್ತಿಯ ನಡುವೆ ನಡೆದು ಹೋದರು. ಹೋಗಿ ಅವಳ ಎದುರಿಗೆ ನಿಂತರು. ಸಾವಿರ ಎಲೆಗೆ ಕೂತ ಮನುಷ್ಯ, ಸ್ವಂತ ಎಲೆ ಹಾಕಿಕೊಂಡು ಕೂರುವುದು ಹೇಗೆಂದು ತಿಳಿಯದೆ ಹೊಸಬರ ಹಾಗೆ ನಿಂತಿದ್ದರು. ಯಾರ ಪಾತ್ರವೂ ಇರಲಿಲ್ಲ.

ಕಂಬಕ್ಕೊರಗಿ ನಿಂತಿದ್ದ ವಿಶಾಲು ಮೆತ್ತಗೆ ಕೇಳಿದಳು: “ಎಲ್ಲಿಂದ ಬಂದ್ರಿ ಮಾವ?”

“ಒಳಗಿದ್ದೆ” ಎಂದರು. “ತಪ್ಪಾಯ್ತು, ಇಲ್ಲೇ ಇರ್ಬೇಕಾಗಿತ್ತು.”

ದಾಕ್ಷಾಯಿಣಿ ಎಲೆ ಸಮೇತ ಎಡಕ್ಕೆ ಸರಿದಳು. ಮದುಮಗ ಏನೆಂದು ಕೇಳದೆ ತಾನೂ ಸರಿದ, ಅವನಾಚೆಯ ಬೀಗರೆಲ್ಲ ಸರಿದರು. ಆದ ಜಾಗದಲ್ಲಿ, ಅವಳಿಗೂ ಪರಮೇಶಿಗೂ ನಡುವೆ, ಗುರುಪಾದಪ್ಪನವರು ಕೂತರು. ಅವರ ಚಕ್ಕಳಮಕ್ಕಳ ಸರಿಯಾಗುವುದರೊಳಗೆ ನನ್ನ ಬೆನ್ನ ಹಿಂದೆ ಮುಚ್ಚಳ ದಡದಡ ಕುಣಿಯಿತು, ಗಂಜಿಯ ನೊರೆ ಉಕ್ಕಿ ಬೆಂಕಿಗೆ ಬಿತ್ತು. ನಾನು “ಬೆಂತು!” ಎಂದು ಕೂಗಿದ್ದು ಗಿರಣಿಯವರೆಗೂ ಕೇಳಿಸಿರಬೇಕು.

ಬಡಿಸಿದೆವು. ಮೊದಲ ತುತ್ತಿಗೇ ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನೂ ನಾಲಗೆಗೆ ಹಚ್ಚಿ ನೋಡಿದೆ. ಅವತ್ತು ಸಾರಿಗೆ ನಿಜವಾಗಿಯೂ ಉಪ್ಪು ಹಾಕಿರಲಿಲ್ಲ, ಒಂದು ಹರಳೂ ಹಾಕಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಆ ಮಾತಿಗೆ ತಕ್ಕ ಸಾರು ಮಾಡಿದ್ದೆ. ಗುರುಪಾದಪ್ಪನವರು ಕಲಸಿದರು, ಉಂಡರು, ನನ್ನ ಕಡೆ ನೋಡಿ ಇನ್ನೊಂದು ಸೌಟು ಹಾಕಿಸಿಕೊಂಡರು. ಉಪ್ಪಿನ ಸುದ್ದಿ ಎತ್ತಲಿಲ್ಲ. ಪಕ್ಕದಲ್ಲಿ ಪರಮೇಶಿ ತಲೆಯೆತ್ತಿ ಮಗಳನ್ನು ನೋಡುತ್ತ ಉಣ್ಣುತ್ತಿದ್ದ. ಇವರು ಅವನಿಗೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ.

ಊಟ ಮುಗಿಯಿತು. ಬೀಗರು ಎದ್ದು ಕೈ ತೊಳೆದರು, ಮದುವೆ ಮದುವೆಯಾಯಿತು. ಪಂಕ್ತಿಯಲ್ಲಿ ಉಳಿದವರು ಇವರು, ದಾಕ್ಷಾಯಿಣಿ, ಇಬ್ಬರೇ. ಗುರುಪಾದಪ್ಪನವರ ಕೈ ಒಣಗಿ ಅಗುಳು ಅಂಟಿಕೊಂಡಿತ್ತು. ಏಳಲಿಲ್ಲ.

“ಹಾಲಮ್ಮಾ, ಇನ್ನೊಂದ್ ಸ್ವಲ್ಪ ಮಜ್ಜಿಗೆ” ಎಂದರು.

ಹಾಕಿದೆ. ಕುಡಿದು ಮತ್ತೆ ಕೇಳಿದರು. ದಾಕ್ಷಾಯಿಣಿ ಅವರ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಕಣ್ಣು ತುಂಬಿಕೊಂಡೇ ನಕ್ಕು, ತಾನೂ ಬೊಗಸೆ ಚಾಚಿದಳು.

“ನನಗೂ ಹಾಕಿ ಅತ್ತೆ” ಎಂದಳು.

ಪಾತ್ರೆಯಲ್ಲಿ ಮಜ್ಜಿಗೆ ಮುಗಿದಿತ್ತು. ಒಳಗೆ ಹೋಗಿ, ಉಳಿದ ಮೊಸರಿಗೆಲ್ಲ ನೀರು ಬೆರೆಸಿ, ಇನ್ನೊಂದು ಕೊಳಗ ತುಂಬ ಮಾಡಿಕೊಂಡು ಬಂದೆ.